ಸುಧಾಕರನ ಕಿಲೋಮೀಟರು

ತತ್ತಿಯ ವಿಷಯಕ್ಕೆ ಜಗಳ ಶುರುವಾಯಿತು.

ಪಂಚಶೀಲಾ ದಾವಣಗೆರೆಯ ಓಟ ಮುಗಿಸಿ ಬಂದು ಎರಡು ದಿನವಾಗಿತ್ತು. ಐದು ಸಾವಿರ ಮೀಟರಿನಲ್ಲಿ ಎಂಟನೆಯವಳು. ಬೆಳಿಗ್ಗೆ ನಾನು ಎಂದಿನಂತೆ ನಾಲ್ಕು ತತ್ತಿ ಕುದಿಸಿ ನಾದಿನಿಯ ತಾಟಿಗೆ ಹಾಕಿದೆ. ಅತ್ತೆ ಅದರಲ್ಲಿ ಎರಡು ತೆಗೆದು ಮಾವನ ತಾಟಿಗೆ ಇಟ್ಟರು.

"ಎಂಟನೇದು ಬರೋರಿಗಿ ಎರಡು ಸಾಕು."

"ಉಳಿದ ಎರಡೂ ತಗೀ ಅವ್ವಾ," ಎಂದಳು ಪಂಚಶೀಲಾ. "ಸೊಪ್ಪು ತಿಂದೇ ಓಡ್ತೀನಿ. ಎಂಟನೇದು ಬರಾಕ ಅಷ್ಟು ಸಾಕು."

ಮಾವ ಎರಡೂ ತತ್ತಿಯನ್ನು ಮಗಳ ತಾಟಿಗೆ ವಾಪಸು ಹಾಕಿದರು. "ಇರ್ಲಿ ಬಿಡು ಮಾನಮ್ಮ. ಸುಧಾಕರ ನಾಕು ಅಂದಿದ್ದ. ನಾಕೇ."

"ಅಂವ ಅಂದಿದ್ದ, ಅಂವ ಅಂದಿದ್ದ," ಎಂದರು ಅತ್ತೆ. "ಹನ್ನೊಂದು ತಿಂಗಳಾತು, ಅಂವ ಏನೂ ಅಂದಿಲ್ಲ."

ಪಂಚಶೀಲಾ ತಾಟು ಸರಿಸಿ ಎದ್ದಳು. ತತ್ತಿ ನಾಲ್ಕೂ ಉಳಿದವು. ನಾನು ಸಿಪ್ಪೆ ಬಳಿದು ಹೊರಗೆ ಹಾಕಿದೆ.

ಸುಧಾಕರ ನನ್ನ ಗಂಡ. ಕಾಮಾಲೆ ಬಂದು ಒಂಬತ್ತು ದಿನಕ್ಕೆ ಹೋದ. ತಂಗಿಗೆ ಓಟ ಕಲಿಸಿದವನು ಅವನೇ. ಯಾವ ತರಬೇತಿಯೂ ಆಗಿರಲಿಲ್ಲ ಅವನಿಗೆ. ಕಾಲೇಜಿನಲ್ಲಿದ್ದಾಗ ತಾನೂ ಓಡುತ್ತಿದ್ದ, ಅಷ್ಟೇ. ನಮ್ಮ ಕಲಬುರಗಿಯ ಊರ ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್ ಮಂದಿ ತುಂಬಿರುತ್ತಾರೆ ಎಂದು ವಾರಕ್ಕೊಮ್ಮೆ ಅವಳನ್ನು ಬೈಕಿನ ಮೇಲೆ ಕಮಲಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಅತ್ತೆಯ ತಮ್ಮ ಅಂಬಣ್ಣ ಕೆಂಪು ಬಾಳೆ ಬೆಳೆಯುತ್ತಾನೆ. ಅವನ ಹೊಲದ ಮುಂದಿನ ದಾರಿಯಲ್ಲಿ ಲಾರಿಗಳ ಕಾಟವಿಲ್ಲ. ಆ ದಾರಿಯುದ್ದಕ್ಕೂ ಸುಧಾಕರ ಹಳದಿ ಬಣ್ಣದಿಂದ ಕಿಲೋಮೀಟರಿನ ಗುರುತು ಮಾಡಿದ್ದ. ಒಂದು ಗುರುತು ಸೇತುವೆಯ ಕಲ್ಲಿನ ಮೇಲೆ, ಒಂದು ಬೇವಿನ ಮರದ ಬುಡದಲ್ಲಿ. ಹೀಗೆ ಐದು. ಬಣ್ಣದ ಡಬ್ಬಿ ಹಿಡಿದವಳು ನಾನು. ಆಗ ಮದುವೆಯಾಗಿ ಐದು ತಿಂಗಳು.

ದೂರ ಅಳೆದದ್ದು ಬೈಕಿನ ಮೀಟರಿನಿಂದ. ಮೊಬೈಲಿನಲ್ಲಿ ಆ್ಯಪ್ ಇತ್ತು. ಅದು ಒಂದು ದಿನ ತೋರಿಸಿದ ಅಂಕಿ ಇನ್ನೊಂದು ದಿನ ತೋರಿಸುತ್ತಿರಲಿಲ್ಲ.

"ಮೊಬೈಲ್ ದಿನಕ್ಕೊಂದು ಹೇಳ್ತದ," ಎಂದಿದ್ದ ಸುಧಾಕರ. "ಗಾಡಿ ಮೀಟರ್ ಯಾವಾಗ್ಲೂ ಒಂದೇ ಹೇಳ್ತದ. ಯಾರನ್ನ ನಂಬಬೇಕು ಹೇಳು?"

ಆ್ಯಪ್ ತೆಗೆದುಹಾಕಿದ.

*

ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ರಾಜ್ಯ ಕೂಟ. ಅಲ್ಲಿ ಮೊದಲ ಆರರೊಳಗೆ ಬಂದರೆ ಕ್ರೀಡಾ ಕೋಟಾದ ನೌಕರಿಗೆ ಅರ್ಜಿ ಹಾಕಬಹುದು. ಮಾರ್ಚಿಗೆ ಪಂಚಶೀಲಾಳಿಗೆ ಇಪ್ಪತ್ತೈದು ತುಂಬುತ್ತದೆ; ಆಮೇಲೆ ಅರ್ಜಿ ತಗೊಳ್ಳುವುದಿಲ್ಲ. ಮನೆಯಲ್ಲಿ ಮಾವ ಕಪನೂರದ ಬೇಳೆ ಮಿಲ್ಲಿನಲ್ಲಿ ವಾಚ್‌ಮನ್, ನಾನು ಖಾಸಗಿ ಕಾಲೇಜೊಂದರಲ್ಲಿ ಗಣಿತ ಹೇಳುತ್ತೇನೆ. ನಮ್ಮ ಇಡೀ ಬಳಗದಲ್ಲಿ ಸರ್ಕಾರಿ ನೌಕರಿ ಯಾರಿಗೂ ಇಲ್ಲ.

ಒಂದು ರವಿವಾರ ಮಧ್ಯಾಹ್ನ ನಾನು, ಪಂಚಶೀಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆವು.

"ಮೈಸೂರಾಗ ಅಣ್ಣ ಬಂದಿದ್ದ ನೆನಪದ ಏನು ವೈನಿ? ಹದಿನೆಂಟು ನಿಮಿಷ ಒಂಬತ್ತು ಸೆಕೆಂಡ್. ಒಂಬತ್ತನೇದು. 'ಹೆದರಿದಿ ನೀ' ಅಂದ. ಸಿಟ್ಟಿಲೆ ಅಲ್ಲ. ಜ್ವರ ಬಂದವರಿಗಿ ಜ್ವರ ಬಂದದ ಅಂದಂಗ ಅಂದ."

"ಉಡುಪಿಯಾಗ ಏಳನೇದು ಬಂದಿದ್ದಿ."

"ಹದಿನೆಂಟು ಆರು. ಆವಾಗೂ ಅದೇ ಅಂದ. ಕೊನಿಗಿ ದವಾಖಾನ್ಯಾಗ ಮಲಗಿದ್ದಾಗೂ, 'ಕಾಲಿಗೇನೂ ಆಗಿಲ್ಲ ಪಂಚಿ, ಎದಿ ಒಂದು ಗಟ್ಟಿ ಮಾಡ್ಕೋ' ಅಂದ." ಅವಳು ಪ್ಯಾಂಟು ಹಿಂಡಿ ಜಾಡಿಸಿದಳು. "ದಾವಣಗೆರಿಯಾಗ ಹದಿನೆಂಟು ಹನ್ನೊಂದು. ಕಮಲಾಪುರದಾಗ ಹದಿನೇಳು ಇಪ್ಪತ್ತಕ್ಕ ಓಡೋ ಪೋರಿ ಟ್ರ್ಯಾಕ್ ಮ್ಯಾಲ ಹದಿನೆಂಟು ದಾಟ್ತಾಳ ಅಂದ್ರ ಏನರ್ಥ? ಕಾಲು ಅವೇ ಅವ. ನಾ ಹೇಡಿ."

"ಬೂಟು, ಬಿಸಿಲು, ಏನೇನೋ ಇರ್ತದ."

"ಎಲ್ಲಾ ಹೇಳಿ ನೋಡೀನಿ ವೈನಿ. ಮೈಸೂರಿಗಿ ಬಿಸಿಲು, ಉಡುಪಿಗಿ ಮಳಿ. ಇನ್ನ ಹೇಳಾಕ ಏನೂ ಉಳಿದಿಲ್ಲ. ಈ ಸಲ ಮೊದಲ ಸುತ್ತಿನಿಂದ ಮುಂದ ಹೋಗ್ತೀನಿ. ಹಿಂದ ತಿರುಗಿ ನೋಡಾಂಗಿಲ್ಲ."

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಮೂರು ಓಟಗಳು ಐದು ಸೆಕೆಂಡಿನ ಅಂತರದೊಳಗೆ ಇದ್ದವು. ಹೆದರಿಕೆ ಪ್ರತಿ ಸಲವೂ ಒಂದೇ ಅಳತೆಗೆ ಬರುತ್ತದೆಯೇ ಎಂದು ನಾನು ಅವತ್ತೇ ಕೇಳಿಕೊಳ್ಳಬೇಕಿತ್ತು. ಬಟ್ಟೆ ಒಣಹಾಕಿದೆ.

*

ಸುಧಾಕರ ಹೋದ ಮೂರನೆಯ ತಿಂಗಳಿಗೆ ನಾನು ಅವನ ಬೈಕು ಹೊಡೆಯಲು ಕಲಿತಿದ್ದೆ. ಕಲಿಸಿದವನು ಗುಲಾಮ್ ರಸೂಲ್. ಸುಧಾಕರನ ಗೆಳೆಯ, ಕಪನೂರದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಓಣಿಯ ಮಂದಿ ಮೊದಲು ಬಾಗಿಲಿಗೆ ಬಂದು ನೋಡಿದರು, ಆಮೇಲೆ ಬಿಟ್ಟರು. ವಾರಕ್ಕೊಮ್ಮೆ ಪಂಚಶೀಲಾಳನ್ನು ಹಿಂದೆ ಕೂಡಿಸಿಕೊಂಡು ಕಮಲಾಪುರಕ್ಕೆ ಹೋಗುತ್ತಿದ್ದೆ. ಅವಳು ಓಡುತ್ತಿದ್ದಳು. ನಾನು ಪಕ್ಕದಲ್ಲಿ ಗಾಡಿ ಹೊಡೆಯುತ್ತ, ಒಂದೊಂದು ಗುರುತು ಬಂದಾಗ ವಾಚು ನೋಡಿ ಸಮಯ ಕೂಗುತ್ತಿದ್ದೆ.

ನವೆಂಬರಿನಲ್ಲಿ ಮುಂದಿನ ಬ್ರೇಕು ಸಡಿಲಾಯಿತು. ಗ್ಯಾರೇಜಿಗೆ ಒಯ್ದೆ. ಗುಲಾಮ್ ರಸೂಲ್ ಗಾಲಿ ಬಿಚ್ಚಿ ನೆಲಕ್ಕೆ ಒರಗಿಸಿದ.

"ಭಾಭಿ, ಈ ಗಾಲಿ ಬದಲು ಮಾಡಿಬಿಡಾಣೇನ್ರೀ? ಇದು ಈ ಗಾಡೀದಲ್ಲ."

"ಮತ್ತ ಯಾವುದರದು?"

"ಬ್ಯಾರೆ ಗಾಡೀದು, ಸೆಕೆಂಡ್ ಹ್ಯಾಂಡ್. ಸುಧಾಕರ ಭಾಯ್ ಗುಂಡಿಯೊಳಗ ಹಾಕಿ ರಿಮ್ ಬೆಂಡ್ ಮಾಡಿದ್ರಲ್ಲ, ಎರಡು ವರ್ಸ ಮ್ಯಾಲಾತು. ಸಂಜಿಗೇ ಗಾಡಿ ಬೇಕು ಅಂತ ಕುಂತಬಿಟ್ರು. ಹದಿನೆಂಟು ಇಂಚಿಂದು ಸಿಗಲಿಲ್ಲ, ಹದಿನೇಳರದು ಹಾಕ್ದೆ. ಮೀಟರ್ ಝೂಟ್ ಹೇಳ್ತದ ಭಾಯ್ ಅಂದೆ."

"ಝೂಟ್ ಅಂದ್ರ?"

"ಗಾಲಿ ಸಣ್ಣದಾದ್ರ ಜಾಸ್ತಿ ಸುತ್ತತದ, ಮೀಟರ್ ಜಾಸ್ತಿ ತೋರಸ್ತದ. ನೀವು ಅಷ್ಟು ದೂರ ಹೋಗೇ ಇರಂಗಿಲ್ಲ. ಅದಕ್ಕ ಅವರು, 'ಎವರೇಜ್ ಚಲೋ ಕಾಣ್ತದ ಬಿಡೋ' ಅಂತ ನಕ್ರು."

ಸುಧಾಕರ ಹಾಗೆ ನಗುವುದು ನನಗೆ ಗೊತ್ತು. ಪೆಟ್ರೋಲು ಕಡಿಮೆ ಕುಡಿದಂತೆ ಕಾಣುತ್ತದೆ ಎಂದು ಖುಷಿಪಟ್ಟು ಮರೆತಿರಬೇಕು. ಅದಾದ ಮೇಲೆಯೇ ನಾವು ಬಣ್ಣ ಹಚ್ಚಿದ್ದು.

"ಈಗೇನು ಬ್ಯಾಡ," ಎಂದೆ. "ಅದನ್ನೇ ಹಾಕು."

*

ಮುಂದಿನ ವಾರ ಕಮಲಾಪುರದಲ್ಲಿ ಪಂಚಶೀಲಾ ಓಟ ಮುಗಿಸಿ ಅಂಬಣ್ಣನ ಹೆಂಡತಿಯ ಜೊತೆ ಸಂತೆಗೆ ಹೋದಳು. ಹೊಲ ಅಳೆಯಲು ತಂದಿದ್ದ ಮೂವತ್ತು ಮೀಟರಿನ ಟೇಪು ಅಂಬಣ್ಣನ ಮನೆಯಲ್ಲಿತ್ತು. ಒಂದು ತುದಿ ಅವನಿಗೆ ಹಿಡಿಸಿದೆ.

"ಏನು ಅಳೀತಿ ಮಗಳ? ರಸ್ತಾ ನಿಮ್ಮಪ್ಪಂದೇನು?"

"ಸುಮ್ನ ಹಿಡೀರಿ ಮಾಮಾ."

"ಸರ್ವೇಯರ್ ಬಂದಾಗೂ ಇಷ್ಟು ಬಗ್ಗಿಲ್ಲ ನಾ. ಸೊಂಟ ಹೋತು."

ಒಂದನೆಯ ಗುರುತಿನಿಂದ ಎರಡನೆಯದಕ್ಕೆ ಮೂವತ್ತೊಂದು ಟೇಪು, ಮೇಲೆ ಇಪ್ಪತ್ತೇಳು ಮೀಟರು. ಒಂಬೈನೂರ ಐವತ್ತೇಳು. ಸಾವಿರಕ್ಕೆ ನಲವತ್ತಮೂರು ಕಡಿಮೆ. ಐದು ಗುರುತಿಗೆ ಇನ್ನೂರ ಹದಿನೈದು ಮೀಟರು. ಅಷ್ಟನ್ನು ಸೇರಿಸಿದರೆ ಅವಳ ಹದಿನೇಳು ಇಪ್ಪತ್ತು ಹದಿನೆಂಟು ನಿಮಿಷ ಏಳು ಸೆಕೆಂಡಾಗುತ್ತದೆ. ಮೈಸೂರಿನಲ್ಲಿ, ಉಡುಪಿಯಲ್ಲಿ, ದಾವಣಗೆರೆಯಲ್ಲಿ ಅವಳು ಓಡಿದ್ದು ಅಷ್ಟೇ.

ಅಂಬಣ್ಣ ಕೆಂಪು ಬಾಳೆಯ ಒಂದು ಚಿಪ್ಪು ಕೈಗೆ ಕೊಟ್ಟ. ಪಂಚಶೀಲಾ ದಾರಿಯಲ್ಲಿ ಎರಡು ತಿಂದಳು. "ಇವತ್ತ ಹದಿನೇಳು ಹದಿನೆಂಟು. ನೋಡ್ದಿಲ್ಲ ವೈನಿ?" ಎಂದಳು. ನಾನು ಗಾಡಿ ಹೊಡೆಯುತ್ತಿದ್ದೆ. ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಇದ್ದೆ.

ಮರುದಿನ ಮಾವನಿಗೆ ಬುತ್ತಿ ಕೊಡಲು ಮಿಲ್ಲಿಗೆ ಹೋದೆ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಕೂತಿದ್ದರು. ರೊಟ್ಟಿ ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ಅಂದ್ರ ಅಕಿ ಮೊದಲಿನಿಂದಲೂ ಇಷ್ಟೇ?"

"ಹೌದ್ರಿ ಮಾಮಾ."

"ಇವತ್ತ ಹೇಳ್ತಿ ಅಕಿಗಿ?"

"ಹೇಳಬೇಕು. ಈ ಸಲ ಮೊದಲ ಸುತ್ತಿನಿಂದ ಜೋರು ಓಡ್ತೀನಿ ಅನ್ನಾಕತ್ತಾಳ."

ಅವರು ಗೇಟಿನ ಆಚೆ ನಿಂತ ತೊಗರಿಯ ಟ್ರ್ಯಾಕ್ಟರಿನ ಕಡೆ ನೋಡಿದರು. "ಬ್ಯಾಡವ್ವಾ ಕಾವೇರಿ. ಓಟ ಮುಗೀಲಿ. ಅಕಿ ಓಡೋದು ಅವನ ಭರೋಸಾದ ಮ್ಯಾಲ. ಅಂವ ತಪ್ಪು ಅಂದಿ ಅಂದ್ರ ಅಕಿ ಮಂಗಳೂರಿಗೇ ಹೋಗಾಂಗಿಲ್ಲ." ಬುತ್ತಿ ಬಿಚ್ಚುತ್ತ ಅಂದರು, "ಓಣಿಯಾಗೆಲ್ಲ ಹೇಳೀನಿ ನಾ. ನನ್ನ ಮಗ ಪುಸ್ತಕ ಓದದೇ ಕೋಚ್ ಆದ ಅಂತ."

ನಾನು ಹೂಂ ಅಂದೆ. ಅವರ ಮಾತಿಗಾಗಿ ಮಾತ್ರ ಅಲ್ಲ. ಸುಧಾಕರ ತಪ್ಪಿದ ಎಂದು ನನ್ನ ಬಾಯಿಂದ ಬರಬಾರದು ಎಂದು ನನಗೂ ಇತ್ತು.

*

ಮಂಗಳೂರಿಗೆ ನಾನೇ ಜೊತೆಗೆ ಹೋದೆ. ಓಟದ ದಿನ ಬೆಳಿಗ್ಗೆ ಅವಳ ಎದೆಗೆ ನಂಬರಿನ ಚೀಟಿ ಪಿನ್ನು ಮಾಡುತ್ತ ಹೇಳಿದೆ:

"ಮೊದಲಿಗಿ ಸ್ವಲ್ಪ ತಡೆದು ಓಡು, ಪಂಚಿ."

"ಯಾಕ?"

"ಕೊನಿಗಿ ಜೋರು ಉಳೀಲಿ ಅಂತ."

ಅವಳು ನನ್ನ ಮುಖ ನೋಡಿದಳು. "ಅಣ್ಣನಂಗ ಮಾತಾಡ್ತಿ ಅಂತ ನಿನ್ನ ಕರ್ಕೊಂಡು ಬಂದೀನಿ. ಅವ್ವನಂಗ ಮಾತಾಡಾಕತ್ತಿ."

ನನ್ನ ಕೈಯಲ್ಲಿ ಇನ್ನೂ ಒಂದು ಪಿನ್ನು ಉಳಿದಿತ್ತು. ಅದನ್ನು ಚುಚ್ಚಿ ಮುಗಿಸುವಷ್ಟು ಹೊತ್ತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಹನ್ನೆರಡೂವರೆ ಸುತ್ತು. ಸುತ್ತಿಗೆ ಎಂಬತ್ತೇಳು ಸೆಕೆಂಡು ಅವಳ ನಿಜವಾದ ವೇಗ. ಮೊದಲ ಸುತ್ತು ಎಂಬತ್ತೊಂದಕ್ಕೆ ಮುಗಿಸಿದಳು, ಎರಡನೆಯದು ಎಂಬತ್ತೆರಡಕ್ಕೆ. ಎಲ್ಲರಿಗಿಂತ ಮುಂದೆ ಇದ್ದಳು. ಪಕ್ಕದಲ್ಲಿ ಕೂತಿದ್ದ ಯಾರೋ, "ಯಾವ ಜಿಲ್ಲೆ ಹುಡುಗಿ ಇದು?" ಎಂದು ಕೇಳಿದರು. ಕಲಬುರಗಿ ಎಂದೆ. ಐದನೆಯ ಸುತ್ತಿಗೆ ಇಬ್ಬರು ದಾಟಿದರು. ಏಳನೆಯದಕ್ಕೆ ಅವಳ ತೋಳು ಮೇಲಕ್ಕೆ ಬಂದಿದ್ದವು, ಬಾಯಿ ತೆರೆದಿತ್ತು. ಎಂಟನೆಯ ಸುತ್ತು ತೊಂಬತ್ತಾರು ಸೆಕೆಂಡು. ಹತ್ತನೆಯ ಸುತ್ತಿನ ತಿರುವಿನಲ್ಲಿ ಒಳಗಿನ ಹುಲ್ಲಿಗೆ ಇಳಿದು, ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಎದ್ದು ಮತ್ತೆ ಓಡಲು ನೋಡಿದಳು. ಬಿಳಿ ಟೋಪಿಯವರೊಬ್ಬರು ಭುಜ ಹಿಡಿದು ಕೂರಿಸಿದರು.

ಫಲಿತಾಂಶದ ಹಾಳೆ ಗೋಡೆಗೆ ಹಚ್ಚಿದ್ದರು. ಯಾವಾಗಲೂ ಮೊದಲೆರಡು ಸ್ಥಾನಕ್ಕೆ ಬರುವ ಇಬ್ಬರು ಓಟಗಾರ್ತಿಯರು ಆ ವರ್ಷ ರಾಷ್ಟ್ರೀಯ ಶಿಬಿರಕ್ಕೆ ಹೋಗಿದ್ದರಿಂದ ಬಂದೇ ಇರಲಿಲ್ಲ. ಆರನೆಯವಳು ಬೆಳಗಾವಿಯವಳು. ಹದಿನೆಂಟು ನಿಮಿಷ ಹದಿನಾಲ್ಕು ಸೆಕೆಂಡು. ಪಂಚಶೀಲಾಳೂ ಓದಿದಳು.

*

ಬಂದ ಮೂರನೆಯ ದಿನ ಮಧ್ಯಾಹ್ನ ನಾಲ್ಕೂ ಮಂದಿ ಊಟಕ್ಕೆ ಕೂತಿದ್ದೆವು. ಅತ್ತೆ ಪುಂಡಿಪಲ್ಯ ಬಡಿಸುತ್ತಿದ್ದರು.

"ಬೂಟು ಯಾರಿಗಾರ ಕೊಡು ವೈನಿ," ಎಂದಳು ಪಂಚಶೀಲಾ. "ಹೇಡಿಗಿ ಯಾಕ ಅಷ್ಟು ಚಲೋ ಬೂಟು."

"ನೀ ಹೇಡಿ ಅಲ್ಲ," ಎಂದೆ. "ಕಮಲಾಪುರದ ಗುರುತು ತಪ್ಪು ಅವ."

ಮಾವ ತಲೆ ಎತ್ತಲಿಲ್ಲ. ನಾನು ಗಾಲಿಯ ವಿಷಯ ಹೇಳಿದೆ, ಟೇಪಿನ ವಿಷಯ ಹೇಳಿದೆ.

"ಹಂಗಾದ್ರ ಹದಿನೇಳು ಇಪ್ಪತ್ತು ನಾ ಓಡೇ ಇಲ್ಲ?"

"ಇಲ್ಲ. ಹದಿನೆಂಟು ಏಳು ಅದು."

"ಮೈಸೂರಾಗ ಓಡಿದ್ದೂ ಅಷ್ಟೇ."

"ಅಷ್ಟೇ."

"ಹಂಗಾದ್ರ ನಾ ಹೆದರಿಲ್ಲ."

"ಒಂದು ಸಲಾನೂ ಹೆದರಿಲ್ಲ ನೀ."

ಅವಳು ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿದು ನುಂಗಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಹಣೆಯ ಗಂಟು ಬಿಟ್ಟಿತ್ತು. ಆಮೇಲೆ ಕೇಳಿದಳು:

"ನಿಂಗ ಯಾವಾಗ ಗೊತ್ತಾತು?"

"ಇಪ್ಪತ್ತೆರಡು ದಿನ ಆತು."

"ಓಟಕ್ಕಿಂತ ಮೊದ್ಲು."

"ಹೂಂ."

"ನಾ ಯಾವಾಗ್ಲೂ ಓಡೋಹಂಗ ಓಡಿದ್ರ, ಆ ಬೆಳಗಾವಿ ಹುಡುಗಿ ನನ್ನ ಹಿಂದ ಇರ್ತಿದ್ಲು."



"ನಾ ಬ್ಯಾಡ ಅಂದೆ," ಎಂದರು ಮಾವ. "ಕಾವೇರಿದು ಏನೂ ತಪ್ಪಿಲ್ಲ. ಬೈಯೋದಿದ್ರ ನನಗ ಬೈ."

"ನಿನಗೂ ಗೊತ್ತಿತ್ತೇನಪ್ಪಾ?"

ಅತ್ತೆ ಸೌಟು ಕೆಳಗಿಟ್ಟರು. "ನನಗ್ಯಾಕ ಹೇಳಿಲ್ಲ ಯಾರೂ?"

"ನಿನಗ ಹೇಳಿದ್ರ ಓಣಿಗೆಲ್ಲ ಹೇಳ್ತಿದ್ದಿ," ಎಂದರು ಮಾವ.

"ಹೇಳ್ತಿದ್ದೆ! ಓಣಿಗಿ ಹೇಳಿದ್ರ ಇಕಿ ಕಿವಿಗಿ ಬೀಳ್ತಿತ್ತು! ಶಾಣ್ಯಾರು ಕುಂತ್ರಲ್ಲ ಬಾಯಿ ಮುಚ್ಕೊಂಡು, ಒಬ್ಬಾಕಿ ಎಂ.ಎಸ್ಸಿ. ಓದಿದಾಕಿ!"

"ಮಾನಮ್ಮ, ಸತ್ತ ಮಗನ..."

"ಸತ್ತ ಮಗ ಸತ್ತಾನ. ಇಕಿ ಬದುಕ್ಯಾಳ. ಇಕಿದು ಯಾರು ನೋಡೋರು?"

ಪಂಚಶೀಲಾ ಎದ್ದಳು. "ಅಣ್ಣನ ಹೆಸರು ಓಡ್ಲಿ ಅಂತ ನನ್ನ ಓಡ್ಸಿದ್ರಿ," ಎಂದಳು. ದನಿ ಏರಿಸಲಿಲ್ಲ. ತಾಟು ತೊಳೆದು ಬೋರಲು ಹಾಕಿ ಒಳಗೆ ಹೋದಳು.

*

ಜನವರಿಯಲ್ಲಿ ಅವಳು ಕಪನೂರದ ಇನ್ನೊಂದು ಬೇಳೆ ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ನನ್ನ ಕೋಣೆಯಲ್ಲಿದ್ದ ತನ್ನ ಹಾಸಿಗೆಯನ್ನು ಅತ್ತೆಯ ಪಕ್ಕಕ್ಕೆ ಒಯ್ದಳು. ನಾನು ಬಡಿಸಿದರೆ ಉಣ್ಣುತ್ತಾಳೆ, ಬೇಕು ಬೇಡ ಎನ್ನುವುದಿಲ್ಲ. ಮೈಗೆಲ್ಲ ಬೇಳೆಯ ಹೊಟ್ಟು ಹತ್ತಿಸಿಕೊಂಡು ಬರುತ್ತಾಳೆ.

ಮಾವ ಒಂದು ರವಿವಾರ ಯಾರಿಗೂ ಹೇಳದೆ ಎಲ್ಲಿಗೋ ಹೋದರು. ಮಧ್ಯಾಹ್ನ ಅಂಬಣ್ಣ ಫೋನು ಮಾಡಿದ. "ನಿಮ್ಮ ಮಾವಗ ಏನಾಗ್ಯದ ಮಗಳ? ಡಾಂಬರ್ ಡಬ್ಬಿ ತಂದು ಹಳದಿ ಗುರುತಿನ ಮ್ಯಾಲ ಬಳಿಯಾಕತ್ತಾನ. ಊಟಕ್ಕ ಬಾ ಅಂದ್ರ ಬರವಲ್ಲ." ಸಂಜೆ ಬಂದವರ ಉಗುರು ಕಪ್ಪಗಿದ್ದವು. ಸೀಮೆಎಣ್ಣೆ ಸಿಗಲಿಲ್ಲ, ನಾನು ಅಡುಗೆ ಎಣ್ಣೆ ಕೊಟ್ಟೆ. ಅವರು ತಿಕ್ಕಿಕೊಳ್ಳುತ್ತ ಕೂತರು. ಸುಧಾಕರ ಹೀಗೆ ಅಂದಿದ್ದ ಎಂದು ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ತವರಿನಿಂದ ಅವ್ವ ಬಂದು, "ನಡಿ, ಇಲ್ಲೇನದ ನಿಂದು?" ಎಂದು ಕರೆದಳು. ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದು ಕಳಿಸಿದೆ. ಯಾಕೆ ಹಾಗೆ ಅಂದೆ ಎಂದು ನನಗೆ ತಿಳಿಯದು.

ಫೆಬ್ರುವರಿಯ ಹೊತ್ತಿಗೆ ಪಂಚಶೀಲಾ ಬೆಳಿಗ್ಗೆ ಮತ್ತೆ ಹೊರಗೆ ಹೋಗತೊಡಗಿದ್ದಳು. ಅದು ನನಗೆ ಬಾಗಿಲ ಹೊರಗಿನ ಬೂಟಿನ ಮಣ್ಣಿನಿಂದ ಗೊತ್ತಾಯಿತು. ಊರ ಮೈದಾನದ ಕೆಂಪು ಮಣ್ಣು. ವಾಕಿಂಗ್ ಮಂದಿಯ ನಡುವೆ ಸುತ್ತು ಹಾಕುತ್ತಿರಬೇಕು. ಒಂದು ಶನಿವಾರ ಅತ್ತೆಗೆ ಹೇಳುವುದು ಅಡುಗೆಮನೆಗೆ ಕೇಳಿಸಿತು: "ಅವ್ವಾ, ನಾಳೆ ಬೀದರಕ್ಕ ಹೋಗ್ತೀನಿ. ಮುಂಜಾನೆ ಬಸ್ಸಿಗಿ. ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡು."

"ಯಾಕ, ಬೀದರಕ್ಕ?"

"ಓಟ ಅದ."

"ನೌಕರಿ ಕೊಡ್ತಾರೇನು ಗೆದ್ರ?"

"ಇಲ್ಲ. ಇದು ರಾಜ್ಯ ಕೂಟ ಅಲ್ಲ. ವಯಸ್ಸೂ ಮುಗಿಯಾಕ ಬಂತಲ್ಲ."

"ಮತ್ತ ಯಾಕ ಓಡ್ತಿ?"

"ಸುಮ್ನ ಕಟ್ಟು ಅವ್ವಾ."

ಓಟ ಬ್ಯಾಡ, ತತ್ತಿ ಬ್ಯಾಡ ಎಂದು ಎರಡು ವರ್ಷ ಜಗಳಾಡಿದ ಅತ್ತೆ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದರು. ನಾನು ಎದ್ದು ಹೋದರೆ, "ನೀ ಮಲಗು" ಎಂದರು.

ರವಿವಾರ ಸಂಜೆ ಅವಳು ಬಂದಳು. ಮಾವ ಕಟ್ಟೆಯ ಮೇಲೆ ಕೂತಿದ್ದರು. ಅವಳು ಅವರನ್ನು ದಾಟಿ ಒಳಗೆ ಹೋದಳು. ಕೋಣೆಯಲ್ಲಿ ತಾಯಿ ಮಗಳು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಅತ್ತೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು.

"ಹದಿನೆಂಟು ಎರಡು ಅಂತ. ನಾಕನೇದು ಬಂದಾಳಂತ. ಅದು ಚಲೋನೋ, ಕೆಟ್ಟದ್ದೋ?"

ಹದಿನೆಂಟು ನಿಮಿಷ ಎರಡು ಸೆಕೆಂಡು. ನಾನು ಒಲೆ ಸಣ್ಣ ಮಾಡಿದೆ.

"ಚಲೋ ಅತ್ತಿ. ಅಕಿ ಓಡಿದ್ದರಾಗ ಎಲ್ಲಕ್ಕಿಂತ ಚಲೋದು ಇದೇ."

"ಖರೇನಾ?" ಅವರ ಮುಖ ಅರಳಿತು. ಅಲ್ಲಿಂದಲೇ ಕೂಗಿದರು, "ಪಂಚಶೀಲಾ! ವೈನಿ ಚಲೋ ಆಗ್ಯದ ಅನ್ನಾಕತ್ತಾಳ!"

ಒಳಗಿನಿಂದ ತಡಮಾಡದೆ ಉತ್ತರ ಬಂತು.

"ಅಕಿಗ್ಯಾಕ ಹೇಳ್ದಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಹಿಟ್ಟಿನ ಬುಟ್ಟಿ ನನ್ನ ಕಡೆ ಸರಿಸಿ, "ನಾದು," ಎಂದರು.